ಟೊಮೇಟೊ ಮಂಡಿಯಲ್ಲಿ ಕೂತು ಡಿಗ್ರಿ ಓದಿದ್ದು

ಡಿಗ್ರಿಗೆ ಸೇರ್ತೀನಿ ಅಂದಾಗ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ, "ಏನು ಓದ್ತೀಯಾ?" ಮನುಷ್ಯರು ಯಾಕೆ ಹೀಗೆ ಆಡ್ತಾರೆ ಅನ್ನೋದನ್ನ, ಅಂದೆ. "ಅದಕ್ಕೆ ದುಡ್ಡು ಬೇರೆ ಕಟ್ಟಬೇಕಾ? ಮಂಡೀಲಿ ದಿನಾ ಪುಕ್ಕಟೆ ನೋಡ್ತಿದ್ದೀಯಲ್ಲ" ಅಂದರು.

ಒಳಗೊಳಗೆ ನನಗೂ ಹಾಗೇ ಅನಿಸಿತ್ತು. ಕೋಲಾರದ ಎಪಿಎಂಸಿ ಯಾರ್ಡಿನ ಒಂದು ಟೊಮೇಟೊ ಮಂಡಿಯಲ್ಲಿ ನಾನು ಬಿಲ್ ಹಾಕುವವಳು. ಹನ್ನೊಂದು ವರ್ಷವಾಯಿತು. ಗಾಡಿಯಿಂದ ಬಾಕ್ಸ್ ಇಳಿಸುವಾಗ ರೈತನ ಮುಖ ಒಂದು ಥರ ಇರುತ್ತೆ, ಹರಾಜು ಕೂಗುವಾಗ ಇನ್ನೊಂದು ಥರ, ಕೊನೆಗೆ ನಾನು ಕೈಗೆ ಕೊಟ್ಟ ಪಟ್ಟಿ ನೋಡುವಾಗ ಮತ್ತೊಂದು ಥರ. ಇದನ್ನೆಲ್ಲಾ ದಿನಾ ನೋಡಿ ನೋಡಿ ಜನರನ್ನು ಅಳೆಯೋದು ನನಗೆ ಚೆನ್ನಾಗಿ ಗೊತ್ತು ಅಂತ ಸ್ವಲ್ಪ ಜಂಬ ಇತ್ತು. ಇರೋ ವಿದ್ಯೆಗೆ ಒಂದು ಸರ್ಟಿಫಿಕೇಟ್ ಸಿಕ್ಕರೆ ಸಾಕು ಅಂತಲೇ ಹೊರಟಿದ್ದು.

ನನ್ನ ಓದು ಪಿಯುಸಿಗೆ ನಿಂತಿತ್ತು. ಆಮೇಲೆ ಮದುವೆ, ಮಗಳು, ಮಂಡಿ. 2021ರಲ್ಲಿ ಮಗಳಿಗೆ ಫೋನಿನಲ್ಲೇ ಪಾಠ ನಡೀತಿತ್ತು. ಪಕ್ಕದಲ್ಲಿ ಕೂತು ಕೇಳ್ತಾ ಕೇಳ್ತಾ ನಾನೂ ತಲೆಗೆ ಹುಳ ಬಿಟ್ಕೊಂಡೆ. ಆನ್‌ಲೈನ್ ಡಿಗ್ರಿ ಅಂತ ಒಂದು ಸಲ ಹುಡುಕಿದ್ದೇ ತಪ್ಪಾಯ್ತು ನೋಡಿ, ಒಂದು ವಾರ ಫೋನು ಸುಮ್ಮನಿರಲಿಲ್ಲ. "ಮೇಡಂ, ಇವತ್ತೇ ಸೇರಿದ್ರೆ ಫೀಸು ಕಮ್ಮಿ" ಅಂತ ಒಬ್ಬರಾದ ಮೇಲೆ ಒಬ್ಬರು. ನನ್ನ ತಮ್ಮ ಒಂದು ಒಳ್ಳೆ ಮಾತು ಹೇಳಿದ. ಯಾರ ಮಾತೂ ನಂಬಬೇಡ, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳೋ ಯುಜಿಸಿಯ ದೂರಶಿಕ್ಷಣ ಬ್ಯೂರೋದ ವೆಬ್‌ಸೈಟಿನಲ್ಲಿ ಆ ವಿಶ್ವವಿದ್ಯಾಲಯದ ಹೆಸರು ಇದ್ಯಾ ನೋಡು, ಹೆಸರಿದ್ರೆ ಸಾಲದು, ನೀನು ಸೇರೋ ಕೋರ್ಸಿಗೆ ಆ ವರ್ಷಕ್ಕೆ ಅನುಮತಿ ಇದ್ಯಾ ಅಂತಲೂ ನೋಡು ಅಂದ. ನೋಡಿದೆ. ಫೋನ್ ಮಾಡಿದವರಲ್ಲಿ ಒಂದಿಬ್ಬರ ಕೋರ್ಸು ಅಲ್ಲಿ ಇರಲೇ ಇಲ್ಲ.

ಕೊನೆಗೆ ಒಂದು ಕಡೆ ಬಿಎಗೆ ಸೇರಿದೆ. ಮನಃಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ. ಮೂರು ವರ್ಷ, ಆರು ಸೆಮಿಸ್ಟರ್. ಒಂದು ಸೆಮಿಸ್ಟರಿನ ಫೀಸು ನನ್ನ ತಿಂಗಳ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ. ಪಿಯುಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಅಪ್ಪನ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಇಬ್ಬರೂ ಒಬ್ಬಳೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಅಪ್‌ಲೋಡ್ ಮಾಡುವಷ್ಟರಲ್ಲಿ ಸಾಕುಸಾಕಾಯ್ತು.

ಪಾಠಗಳೆಲ್ಲಾ ಇಂಗ್ಲಿಷಿನಲ್ಲಿ. ನಾನು ಕನ್ನಡ ಮೀಡಿಯಂ. ಮೊದಲ ತಿಂಗಳು ಒಂದು ವಿಡಿಯೋ ನೋಡೋಕೆ ಮೂರು ಗಂಟೆ ಹಿಡಿಯೋದು, ನಿಲ್ಲಿಸಿ ನಿಲ್ಲಿಸಿ, ಅರ್ಥ ಹುಡುಕಿ. ಬೆಳಗಿನ ಹರಾಜು ಮುಗಿದು ಲಾರಿಗೆ ಲೋಡಿಂಗ್ ಶುರುವಾದ ಮೇಲೆ ನನಗೆ ಅರ್ಧ ಗಂಟೆ ಬಿಡುವು ಸಿಗ್ತಿತ್ತು. ಆಗ ಬಿಲ್ ಪುಸ್ತಕದ ಹಿಂದೆ ಒಂದು ನೋಟ್‌ಬುಕ್ ಇಟ್ಕೊಂಡು ಪ್ರತಿ ಪದಕ್ಕೂ ನನ್ನದೇ ಕನ್ನಡ ಬರೆದುಕೊಳ್ಳುತ್ತಿದ್ದೆ. 'ಆಂಕರಿಂಗ್' ಅನ್ನೋದಕ್ಕೆ 'ಮೊದಲ ಕೂಗು' ಅಂತ ಬರೆದಿದ್ದೆ. ಪುಸ್ತಕದ ಕನ್ನಡ ಏನೋ ಗೊತ್ತಿಲ್ಲ, ನನಗೆ ಮಾತ್ರ ಪರೀಕ್ಷೆ ಹಾಲಿನಲ್ಲಿ ನೆನಪಿಗೆ ಬಂದದ್ದು ಇದೇ.

ಯಾಕೆ ಹಾಗೆ ಬರೆದೆ ಹೇಳ್ತೀನಿ. ಆಮೊಸ್ ಟ್ವೆರ್ಸ್ಕಿ ಮತ್ತು ಡ್ಯಾನಿಯಲ್ ಕಾಹ್ನೆಮನ್ ಅಂತ ಇಬ್ಬರು ಮನಃಶಾಸ್ತ್ರಜ್ಞರು 1974ರಲ್ಲಿ ಬರೆದ ಲೇಖನದಲ್ಲಿ ಒಂದು ಪ್ರಯೋಗ ಇದೆ. ಜನರ ಮುಂದೆ ಒಂದು ಚಕ್ರ ತಿರುಗಿಸ್ತಾರೆ. ಅದು 10ಕ್ಕೋ 65ಕ್ಕೋ ನಿಲ್ಲುತ್ತೆ. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ನೂರಕ್ಕೆ ಎಷ್ಟು ಅಂತ ಕೇಳ್ತಾರೆ. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇಲ್ಲ. ಆದ್ರೂ 10 ನೋಡಿದವರ ಅಂದಾಜು 25ರ ಹತ್ತಿರ, 65 ನೋಡಿದವರದ್ದು 45ರ ಹತ್ತಿರ. ಇದನ್ನು ಓದಿ ನಾನು ಕುರ್ಚಿಯಲ್ಲೇ ನೆಟ್ಟಗೆ ಕೂತೆ. ನಮ್ಮ ಮಂಡಿಯಲ್ಲಿ ದಿನಾ ನಡೆಯೋದು ಇದೇ ಅಲ್ವಾ! ಹರಾಜು ಕೂಗೋರು ಮೊದಲು ಎಷ್ಟು ಅಂತಾರೋ ಅದರ ಸುತ್ತಲೇ ಎಲ್ಲರ ಮನಸ್ಸೂ ಸುತ್ತುತ್ತೆ. ಇನ್ನೊಂದು, ಪೇಪರಿನಲ್ಲಿ, ಟಿವಿಯಲ್ಲಿ ಆ ದಿನದ ಅತಿ ಹೆಚ್ಚಿನ ರೇಟು ಮಾತ್ರ ಬರುತ್ತೆ. ರೈತರು ಅದನ್ನೇ ತಲೆಯಲ್ಲಿ ಇಟ್ಕೊಂಡು ಬರ್ತಾರೆ. ತಮ್ಮ ಮಾಲಿಗೆ ಸರಿಯಾದ ರೇಟೇ ಸಿಕ್ಕಿದ್ರೂ ಮೋಸ ಹೋದೆ ಅಂತ ಹೊರಡ್ತಾರೆ.

ಆಮೇಲೆ ನನಗೆ ಹುಚ್ಚೇ ಹಿಡೀತು ಅನ್ನಿ. 1950ರ ಸುಮಾರಿಗೆ ಸೊಲೊಮನ್ ಆ್ಯಶ್ ಮಾಡಿದ ಗೆರೆಗಳ ಪ್ರಯೋಗ ಓದಿದೆ. ಯಾವ ಗೆರೆ ಯಾವುದರಷ್ಟು ಉದ್ದ ಅಂತ ಕೇಳಿದಾಗ ಸುತ್ತ ಕೂತವರೆಲ್ಲಾ ಬೇಕಂತಲೇ ತಪ್ಪು ಉತ್ತರ ಹೇಳಿದ್ರೆ, ಕಣ್ಣೆದುರಿಗೆ ಸರಿ ಉತ್ತರ ಕಾಣ್ತಿದ್ರೂ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಗುಂಪಿನ ಜೊತೆ ತಲೆಯಾಡಿಸಿದ್ದರು. ನನಗೆ ತಕ್ಷಣ ನೆನಪಾಗಿದ್ದು ಖರೀದಿದಾರರು. ಒಬ್ಬರು ಟೊಮೇಟೊ ಒತ್ತಿ ನೋಡಿ ಮುಖ ಸಿಂಡರಿಸಿದ್ರೆ ಸಾಕು, ಆ ಲಾಟಿಗೆ ಮತ್ಯಾರೂ ಕೂಗಲ್ಲ. ಸ್ಕಿನ್ನರ್ ಅನ್ನೋ ಮನಃಶಾಸ್ತ್ರಜ್ಞನ ಪಾರಿವಾಳಗಳದ್ದು ಇನ್ನೊಂದು ಕಥೆ. ಎಷ್ಟು ಸಲ ಕುಕ್ಕಿದ್ರೆ ಕಾಳು ಬೀಳುತ್ತೆ ಅಂತ ಗೊತ್ತಿಲ್ಲದಾಗಲೇ ಅವು ಬಿಡದೆ ಕುಕ್ಕುತ್ತವೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಕೂತಿದ್ದರು ಜನ. ಇದೇ ಬೆಳೆಯನ್ನು ಬೇರೆ ವರ್ಷ ರಸ್ತೆಗೆ ಸುರಿದು ಹೋಗಿದ್ದನ್ನೂ ನೋಡಿದ್ದೀನಿ. ಸುರಿದವರೇ ಮುಂದಿನ ಸಲ ಮತ್ತೆ ನಾಟಿ ಮಾಡ್ತಾರೆ.

ಈ ಎಲ್ಲವನ್ನೂ ಸೇರಿಸಿ ಹದಿನಾಲ್ಕು ಪುಟದ ಅಸೈನ್‌ಮೆಂಟ್ ಬರೆದೆ. ಅದರಲ್ಲಿ ಮುಳಬಾಗಿಲು ಕಡೆಯ ಒಬ್ಬ ತಾತನ ಉದಾಹರಣೆಯೂ ಇತ್ತು. ಪಕ್ಕದ ಮಂಡಿಯಲ್ಲಿ ಬಾಕ್ಸಿಗೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಸಿಗುತ್ತೆ ಅಂತ ಗೊತ್ತಿದ್ರೂ ಅವರು ವರ್ಷಗಳಿಂದ ನಮ್ಮ ಮಂಡಿಗೇ ಮಾಲು ಹಾಕ್ತಾರೆ. ಇದಕ್ಕೆ ಕಾರಣ ಬರೀ ಅಭ್ಯಾಸ, ಹಳೆಯ ಜನಕ್ಕೆ ಬದಲಾವಣೆ ಅಂದ್ರೆ ಆಗಲ್ಲ ಅಂತ ಬರೆದು, ಪುಸ್ತಕದ ಎರಡು ದೊಡ್ಡ ಪದ ಸೇರಿಸಿದ್ದೆ. ಒಳ್ಳೆ ಮಾರ್ಕ್ಸ್ ಬರುತ್ತೆ ಅಂದುಕೊಂಡಿದ್ದೆ. ಪಾಠ ಮಾಡೋ ಮೇಡಂ ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: ಅವರನ್ನು ಕೇಳಿದ್ರಾ?

ಇಲ್ಲ. ಕೇಳಿರಲಿಲ್ಲ. ವರ್ಷಗಟ್ಟಲೆ ಅವರ ಬಿಲ್ ಹಾಕಿದ್ದೆ, ಒಂದು ದಿನವೂ ಕೇಳಿರಲಿಲ್ಲ.

ಸ್ವಲ್ಪ ದಿನ ಆ ಮೇಡಂ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಪಠ್ಯದಲ್ಲೇ ಒಂದು ಪಾಠ ಬಂತು. ಬೇರೆಯವರು ಏನಾದರೂ ಮಾಡಿದ್ರೆ ಅದು ಅವರ ಗುಣ ಅಂತೀವಿ, ಅವರ ಪರಿಸ್ಥಿತಿ ಲೆಕ್ಕಕ್ಕೆ ತಗೊಳ್ಳಲ್ಲ. ಲೀ ರಾಸ್ ಅನ್ನೋರು 1977ರಲ್ಲಿ ಇದಕ್ಕೆ 'ಫಂಡಮೆಂಟಲ್ ಅಟ್ರಿಬ್ಯೂಷನ್ ಎರರ್' ಅಂತ ಹೆಸರಿಟ್ಟರು. ನನ್ನ ನೋಟ್‌ಬುಕ್‌ನಲ್ಲಿ ಅದಕ್ಕೆ ಕನ್ನಡ ಬರೆಯೋ ಜಾಗದಲ್ಲಿ ತಾತನ ಊರಿನ ಹೆಸರು ಬರೆದಿಟ್ಟೆ.

ಅಂಕಿಅಂಶದ ಪೇಪರ್‌ಗೆ ಎಲ್ಲರೂ ಹೆದರಿಸಿದ್ದರು. ನನಗೆ ಅದೇ ಸಲೀಸಾಗಿದ್ದು. ಐದು ಲಾಟು 300, 320, 350, 360, 900ಕ್ಕೆ ಹೋದ್ರೆ ಸರಾಸರಿ 446 ಬರುತ್ತೆ. ಆದರೆ ಐದರಲ್ಲಿ ನಾಲ್ಕು ಜನಕ್ಕೆ ಆ ದುಡ್ಡು ಸಿಕ್ಕೇ ಇಲ್ಲ. ನಡುವಿನದ್ದು 350. ಇವತ್ತಿನ ರೇಟೆಷ್ಟು ಅಂತ ಯಾರಾದ್ರೂ ಕೇಳಿದ್ರೆ ಈಗ ನಾನು ನಡುವಿನದ್ದು ಹೇಳ್ತೀನಿ. ಓನರ್‌ಗೆ ಅದು ಅಷ್ಟು ಇಷ್ಟ ಇಲ್ಲ.

ಪರೀಕ್ಷೆಗಳ ಬಗ್ಗೆ ಹೇಳದಿದ್ರೆ ಈ ಕಥೆ ಪೂರ್ತಿ ಆಗಲ್ಲ. ಮೊದಲೆರಡು ಸೆಮಿಸ್ಟರ್ ಮನೆಯಿಂದಲೇ ಬರೆದದ್ದು. ಲ್ಯಾಪ್‌ಟಾಪಿನ ಕ್ಯಾಮೆರಾ ನಮ್ಮನ್ನು ನೋಡ್ತಾ ಇರುತ್ತೆ. ಕೋಣೆ ಪೂರ್ತಿ ತಿರುಗಿಸಿ ತೋರಿಸಬೇಕು, ಯಾರೂ ಒಳಗೆ ಬರಬಾರದು, ಕಣ್ಣು ಆಕಡೆ ಈಕಡೆ ಹೋದ್ರೂ ಎಚ್ಚರಿಕೆ ಬರುತ್ತೆ. ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಸರಿಯಾಗಿ ಒಂದು ಗಂಟೆ ಆದ ಮೇಲೆ ಬಾಗಿಲು ತೆಗೆದುಕೊಂಡು ನಮ್ಮತ್ತೆ ಕಾಫಿ ಹಿಡ್ಕೊಂಡು ಬಂದರು. ನಾನು ಮಾತಾಡೋ ಹಾಗಿಲ್ಲ, ತಿರುಗೋ ಹಾಗಿಲ್ಲ. ಸ್ಕ್ರೀನ್ ಮೇಲೆ ಕೆಂಪು ಅಕ್ಷರ ಬಂತು, ಇನ್ನೊಬ್ಬ ವ್ಯಕ್ತಿ ಕಾಣ್ತಿದ್ದಾರೆ ಅಂತ. ಅವರು ಕ್ಯಾಮೆರಾಗೇ ಬಗ್ಗಿ, "ಯಾರಪ್ಪಾ ನೋಡ್ತಿರೋದು, ಪಾಪ ಬೆಳಗ್ಗೆಯಿಂದ ಏನೂ ತಿಂದಿಲ್ಲ ಅವಳು" ಅಂತ ಹೇಳಿ ಲೋಟ ಇಟ್ಟು ಹೋದರು. ಆ ಪೇಪರ್ ತಡೆ ಹಿಡಿದರು. ವಿವರಣೆ ಕೊಟ್ಟು ಮೇಲ್ ಮೇಲೆ ಮೇಲ್ ಹಾಕಿ ರಿಸಲ್ಟ್ ಬರೋಕೆ ಎರಡು ತಿಂಗಳಾಯ್ತು. ಮುಂದಿನ ಸೆಮಿಸ್ಟರಿನಿಂದ ಬೆಂಗಳೂರಿನ ಕೇಂದ್ರವನ್ನೇ ಆರಿಸಿಕೊಂಡು ಬೆಳಗಿನ ಜಾವದ ಬಸ್ಸಿಗೆ ಹೋಗಿ ಬರೆದು ಬಂದೆ.

ನಾಲ್ಕನೇ ಸೆಮಿಸ್ಟರ್ ಬಿದ್ದದ್ದು ಆ 2023ರ ಜುಲೈನಲ್ಲೇ. ಮಂಡಿಯಲ್ಲಿ ಜಾತ್ರೆ, ರಜೆ ಕೇಳಿದ್ರೆ ಓನರ್ ಮುಖ ನೋಡೋ ಹಾಗಿರಲಿಲ್ಲ. ಒಂದು ಪೇಪರ್ ಬಿಟ್ಟೆ, ಆಮೇಲೆ ಕಟ್ಟಿ ಪಾಸ್ ಮಾಡಿದೆ.

ಪುಸ್ತಕ ಓದ್ತಾ ಓದ್ತಾ ಒಂದು ಕಿರಿಕಿರಿ ಶುರುವಾಗಿತ್ತು. ಎಲ್ಲಾ ಪ್ರಯೋಗದಲ್ಲೂ ಅಮೆರಿಕದ ಕಾಲೇಜು ಹುಡುಗರೇ. ನಮ್ಮ ಶ್ರೀನಿವಾಸಪುರದ ಮಾವಿನ ತೋಟದವರು, ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ರೈಲು ಹತ್ತೋರು ಯಾರೂ ಇಲ್ಲ. ಇದು ನನ್ನೊಬ್ಬಳ ತಕರಾರು ಅಲ್ಲ ಅಂತ ಆಮೇಲೆ ತಿಳೀತು. 2010ರಲ್ಲಿ ಜೋಸೆಫ್ ಹೆನ್ರಿಚ್ ಮತ್ತು ಇನ್ನಿಬ್ಬರು ಇದನ್ನೇ ಎತ್ತಿ ಬರೆದಿದ್ದಾರೆ, ಶ್ರೀಮಂತ ಪಶ್ಚಿಮ ದೇಶಗಳ ಓದಿದ ಜನರನ್ನು ನೋಡಿ ಮನುಷ್ಯರೆಲ್ಲಾ ಹೀಗೆ ಅಂತ ಹೇಳೋದು ಹೇಗೆ ಅಂತ. ಮತ್ತೆ ನಮ್ಮಲ್ಲಿ ಏನೂ ಇರಲಿಲ್ಲ ಅಂತಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಗಿತ್ತು. ಅದರ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಅನ್ನೋ ರೇಡಿಯೋ ಶುರು ಮಾಡಿದ್ದು. ರೇಡಿಯೋ ವಿಷಯ ಶಾಲೆಯಲ್ಲೇ ಕೇಳಿದ್ದೆ, ಅವರು ಮನಃಶಾಸ್ತ್ರದ ಮೇಷ್ಟ್ರು ಅಂತ ಗೊತ್ತಾಗಿದ್ದು ಈಗ.

ಆದರೆ ನನಗೆ ಹಿಡಿಸಿದ್ದು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರಿನವರು. 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಗೆ ಹೋಗಿ ಅಲ್ಲೇ ಉಳಿದು ಜನರನ್ನು ನೋಡಿ ಬರೆದುಕೊಂಡರು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಕಟ್ಟಡಕ್ಕೆ ಬೆಂಕಿ ಹಚ್ಚಿ, ಆ ನೋಟ್ಸೆಲ್ಲಾ ಸುಟ್ಟುಹೋಯಿತು. ಆಮೇಲೆ ನೆನಪಿನಿಂದಲೇ ಪುಸ್ತಕ ಬರೆದರು. ಇದನ್ನು ಓದಿದ ದಿನವೇ ನನ್ನ ನೋಟ್‌ಬುಕ್ಕಿನ ಎಲ್ಲಾ ಪುಟಗಳ ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಅವನು "ಏನಕ್ಕಾ ಇದು, ದಿನಸಿ ಲಿಸ್ಟಾ?" ಅಂದ.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್. ಅಸೈನ್‌ಮೆಂಟಿನ ಅಂಚಿನಲ್ಲಿ ಬರೆದಿದ್ದ ಮೇಡಂ ಅವರೇ ಗೈಡ್. ರೈತರು ಒಂದೇ ಮಂಡಿಗೆ ಯಾಕೆ ಅಂಟಿಕೊಳ್ತಾರೆ ಅನ್ನೋದನ್ನೇ ವಿಷಯ ಮಾಡ್ಕೊಂಡೆ. ನಲವತ್ತು ಜನಕ್ಕೆ ಪ್ರಶ್ನಾವಳಿ. 'ಸಂಪೂರ್ಣ ಒಪ್ಪುತ್ತೇನೆ' ಅಂತ ಶುರುವಾಗಿ 'ಸ್ವಲ್ಪವೂ ಒಪ್ಪುವುದಿಲ್ಲ' ತನಕ ಐದು ಮನೆ, ಒಂದಕ್ಕೆ ಟಿಕ್ ಹಾಕಬೇಕು.

ಮೊದಲ ದಿನವೇ ಮುಗ್ಗರಿಸಿದೆ. ಪ್ರಶ್ನೆ ಕೇಳೋಕೆ ಮುಂಚೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಬೇಕು, ಅದು ನಿಯಮ. ಕಾಗದ ಮುಂದಿಟ್ಟ ತಕ್ಷಣ ಎಲ್ಲರೂ ಹಿಂದೆ ಸರಿದರು. "ಸಂತಕಂ ಎಂದುಕಮ್ಮಾ?" ಅಂದರು ಒಬ್ಬರು ತೆಲುಗಿನಲ್ಲಿ. ಸಹಿ ಯಾಕೆ ಅಂತ. ಮಂಡಿಯಲ್ಲಿ ಸಹಿ ಅಂದ್ರೆ ಸಾಲ ಅಂತಲೇ ಅರ್ಥ. ಸಹಿ ಹಾಕಿದ ನಾಲ್ಕೈದು ಜನ ಯಾವ ಪ್ರಶ್ನೆ ಕೇಳಿದ್ರೂ "ಹೂಂ, ಹಾಕ್ಕೊಳಮ್ಮ" ಅಂದರು. ಮಂಡಿಯವರು ನ್ಯಾಯವಾಗಿ ನಡ್ಕೋತಾರೆ ಅಂದ್ರೆ ಹೂಂ, ಹಾಕ್ಕೋ. ಮಂಡಿಯವರು ಮೋಸ ಮಾಡ್ತಾರೆ ಅಂದ್ರೆ ಅದಕ್ಕೂ ಹೂಂ, ಹಾಕ್ಕೋ. ಕೇಳ್ತಿರೋಳು ಬಿಲ್ ಹಾಕೋ ಹುಡುಗಿ, ಹಿಂದೆ ಗಾಜಿನೊಳಗೆ ಓನರ್ ಕೂತಿದ್ದಾರೆ. ಅವರಾದ್ರೂ ಇನ್ನೇನು ಹೇಳ್ತಾರೆ?

ಗೈಡ್‌ಗೆ ಫೋನ್ ಮಾಡಿ ಅಳೋದೊಂದು ಬಾಕಿ. ಅವರು ನಕ್ಕು, ನೀವು ಯಾರು, ಎಲ್ಲಿ ಕೂತು ಕೇಳಿದ್ರಿ ಅನ್ನೋದೂ ಡೇಟಾನೇ, ಅದನ್ನೇ ಮೊದಲು ಬರೀರಿ ಅಂದರು. ನಲವತ್ತು ಟಿಕ್ ಬಿಟ್ಟು ಹನ್ನೆರಡು ಜನರ ಹತ್ತಿರ ಸಾವಕಾಶವಾಗಿ ಮಾತಾಡಿ ಅಂದರು. ಸಹಿಯ ಬದಲು ಬಾಯಿಮಾತಿನ ಒಪ್ಪಿಗೆಗೆ ಅನುಮತಿ ತೆಗೆಸಿಕೊಟ್ಟರು. ಭಾನುವಾರಗಳಲ್ಲಿ ನಮ್ಮನೆಯವರ ಬೈಕಿನಲ್ಲಿ ಹಳ್ಳಿಗಳಿಗೆ ಹೋದೆ. ಟೀ ಅಂಗಡಿ ಕಟ್ಟೆ, ನಾಟಿ ಮಾಡೋ ಹೊಲದ ಬದು, ಒಂದು ಮನೆಯಲ್ಲಿ ಸೊಪ್ಪು ಬಿಡಿಸ್ತಾ ಬಿಡಿಸ್ತಾ. ಅಲ್ಲಿ ಮಾತೇ ಬೇರೆ.

ಮುಳಬಾಗಿಲಿನ ತಾತನನ್ನು ಅವರ ಊರಿನ ಟೀ ಅಂಗಡಿಯಲ್ಲೇ ಹಿಡಿದೆ. ತಾತ, ಆಕಡೆ ಮಂಡಿಯಲ್ಲಿ ಜಾಸ್ತಿ ಕೊಡ್ತಾರಲ್ಲ, ನೀವ್ಯಾಕೆ ನಮ್ಮಲ್ಲಿಗೇ ಬರ್ತೀರಾ ಅಂದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ನೀನೇ ಬರ್ದುಕೊಡೋದು, ನಿಂಗೆ ಗೊತ್ತಿಲ್ವಾ? ರೇಟಿದ್ದಾಗ ಎಲ್ರೂ ತಗೋತಾರಮ್ಮ. ರೇಟು ಬಿದ್ದ ದಿನ ಅವ್ರು ಗಾಡೀನೇ ಒಳಗೆ ಬಿಟ್ಕೊಳ್ಳಲ್ಲ. ಇಲ್ಲಿ ಇಳಿಸ್ಕೋತಾರೆ, ಏನೂ ಗಿಟ್ಟದಿದ್ರೆ ಟೆಂಪೋ ಬಾಡಿಗೆ ಕೈಯಿಂದ ಕೊಟ್ಟು ಕಳಿಸ್ತಾರೆ."

ಮರುದಿನ ಕಂಪ್ಯೂಟರ್ ತೆಗೆದು ಅವರ ಹಳೇ ಬಿಲ್ಲು ನೋಡಿದೆ. ಇತ್ತು. ಕೈಮುಂಗಡ, ಟೆಂಪೋ ಬಾಡಿಗೆ, ವರ್ಷಕ್ಕೆ ನಾಲ್ಕು ಸಲ, ಐದು ಸಲ. ಎಲ್ಲಾ ನಾನೇ ಟೈಪ್ ಮಾಡಿದ್ದು. ಅರವತ್ತು ಬಾಕ್ಸಿಗೆ ಹತ್ತು ರೂಪಾಯಿ ಬಿಟ್ರೆ ಒಂದು ಸಲಕ್ಕೆ ಆರುನೂರು. ಅದು ಅವರು ಕಟ್ಟೋ ಇನ್ಶೂರೆನ್ಸ್ ಕಂತು. ಅದನ್ನು ನಾನು ಹದಿನಾಲ್ಕು ಪುಟದಲ್ಲಿ ಅಭ್ಯಾಸ ಅಂತ ಬರೆದಿದ್ದೆ!

ಇಷ್ಟಕ್ಕೇ ಮುಗಿದಿದ್ರೆ ಚೆನ್ನಾಗಿತ್ತು, ಓನರ್ ಫೋಟೋ ಹಾಕಿ ಹಾರ ಹಾಕಬಹುದಿತ್ತು. ಅದೇ ವಾರ ಮಾತಾಡಿದ ಇನ್ನೊಬ್ಬರು ಬೇರೆಯದೇ ಹೇಳಿದರು. ಅವರೂ ವರ್ಷಗಳಿಂದ ಒಂದೇ ಮಂಡಿ. ಆದರೆ ಅವರಿಗೆ ಬಿಟ್ಟು ಹೋಗೋಕೆ ಆಗಲ್ಲ, ಸಸಿಗೆ, ಔಷಧಿಗೆ ತಗೊಂಡ ಮುಂಗಡ ತೀರಿಲ್ಲ. ಹೊರಗಿಂದ ನೋಡಿದ್ರೆ ಇಬ್ಬರೂ ಒಂದೇ, ಇಬ್ಬರೂ ಅದೇ ಗೇಟಿನಲ್ಲಿ ಅದೇ ಟೆಂಪೋದಲ್ಲಿ ಬರ್ತಾರೆ. ಇವರ ಮಾತನ್ನು ವರದಿಯಲ್ಲಿ ಹೇಗೆ ಬರೆಯೋದು ಅಂತ ಎರಡು ವಾರ ಒದ್ದಾಡಿದೆ. ಊರು, ವಯಸ್ಸು, ಎಕರೆ, ಮಂಡಿ ಎಲ್ಲಾ ತೆಗೆದುಹಾಕಿದೆ. ನಾನು ಮಂಡಿಯ ಸಂಬಳ ತಿನ್ನೋಳು ಅನ್ನೋದನ್ನು ಮೊದಲ ಪುಟದಲ್ಲೇ ಬರೆದೆ. ಓನರ್ ಒಂದು ದಿನ, "ಏನಮ್ಮಾ, ನಮ್ಮ ಬಗ್ಗೆ ಏನು ಬರ್ದಿದ್ದೀಯ?" ಅಂದರು. ಯಾರ ಹೆಸರೂ ಇಲ್ಲ ಸಾರ್ ಅಂದೆ. ಅವರಿಗೆ ಸಮಾಧಾನ ಆಯ್ತೋ ಬೇಜಾರಾಯ್ತೋ ತಿಳಿಯಲಿಲ್ಲ.

2024ರಲ್ಲಿ ರಿಸಲ್ಟ್ ಬಂತು. ಫಸ್ಟ್ ಕ್ಲಾಸ್. ಅಲ್ಲಿಂದ ಒಂದು ಹೊಸ ತೊಂದರೆ. ಮನಃಶಾಸ್ತ್ರ ಓದಿದ್ದಾಳಂತೆ ಅಂತ ಟೇಕಲ್ ರಸ್ತೆಯ ನಮ್ಮ ಬೀದಿಯಲ್ಲಿ ಸುದ್ದಿಯಾಗಿ, ಗಂಡ ಕುಡೀತಾನೆ, ಮಗ ಮಾತಾಡಲ್ಲ, ನಿದ್ದೆ ಬರಲ್ಲ ಅಂತ ಜನ ಮನೆಗೇ ಬರೋಕೆ ಶುರು ಮಾಡಿದರು. ಬಿಎ ಮಾಡಿದ್ರೆ ಯಾರೂ ಕೌನ್ಸೆಲರ್ ಆಗಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ಅದರ ಮೇಲೆ ವರ್ಷಗಟ್ಟಲೆ ತರಬೇತಿ, ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಎಲ್ಲಾ ಬೇಕು. ನಾನು ಮಾಡೋದು ಇಷ್ಟೇ, ಪೂರ್ತಿ ಕೇಳಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಡ್ತೀನಿ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಹೇಳ್ತೀನಿ. ಜಾಸ್ತಿ ಕಷ್ಟ ಅನಿಸಿದ್ರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಜೊತೆಗೆ ಹೋಗ್ತೀನಿ.

ನನ್ನನ್ನು ನೋಡಿ ಸೇರಬೇಕು ಅಂತಿದ್ದ ಮಂಡಿಯ ಇಬ್ಬರು ಹುಡುಗಿಯರಿಗೆ ಮಾತ್ರ ಬಾಗಿಲು ಮುಚ್ಚಿತು. 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಃಶಾಸ್ತ್ರವನ್ನು ಆನ್‌ಲೈನ್‌ನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಹೊಸದಾಗಿ ಕಲಿಸಬಾರದು ಅಂತ ಯುಜಿಸಿ ಹೇಳಿತು. ಆರೋಗ್ಯಕ್ಕೆ ಸಂಬಂಧಿಸಿದ ವಿಷಯ, ಎದುರಿಗೆ ಕೂತೇ ಕಲಿಯಬೇಕು ಅನ್ನೋ ಲೆಕ್ಕ. ಕಾರಣ ಸರಿಯೇ ಇರಬಹುದು, ನಮ್ಮಂಥವರು ರೆಗ್ಯುಲರ್ ಕಾಲೇಜಿಗೆ ಹೋಗೋದು ಹೇಗೆ ಅನ್ನೋದನ್ನೂ ಯಾರಾದ್ರೂ ಯೋಚಿಸಬೇಕಿತ್ತು. ಒಬ್ಬಳು ಸಮಾಜಶಾಸ್ತ್ರಕ್ಕೆ ಸೇರಿದಳು. ಅವಳಿಗೆ ನನ್ನ ನೋಟ್‌ಬುಕ್ ಕೊಟ್ಟಿದ್ದೀನಿ.

ಮೊನ್ನೆ ತಾತ ಬಂದಿದ್ದರು. ಐವತ್ತೆರಡು ಬಾಕ್ಸು, ರೇಟು ಪರವಾಗಿರಲಿಲ್ಲ. ಪಟ್ಟಿ ಮಡಚಿ ಜೇಬಿಗೆ ಹಾಕ್ಕೊಂಡು ಅಲ್ಲೇ ನಿಂತರು.

"ಓದು ಮುಗೀತಾ?"

"ಮುಗೀತು ತಾತ."

"ಪಾಸಾ?"

"ಫಸ್ಟ್ ಕ್ಲಾಸು."

"ಮತ್ತೆ ಇನ್ನೂ ಇಲ್ಲೇ ಕೂತಿದ್ದೀಯಲ್ಲಮ್ಮ, ಯಾಕೆ?"

ಏನೇನೋ ಬಾಯಿಗೆ ಬಂತು. ಮಗಳ ಶಾಲೆ, ಅತ್ತೆಯ ಮಂಡಿನೋವು, ಓನರ್ ಹತ್ತಿರ ತಗೊಂಡಿರೋ ಇಪ್ಪತ್ತು ಸಾವಿರ ಮುಂಗಡ. ಹಿಂದೆ ನಾಲ್ಕು ಜನ ಬಿಲ್ಲಿಗೆ ಕಾಯ್ತಿದ್ದರು.

"ಏನೋ ತಾತ, ಅಭ್ಯಾಸ" ಅಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು, "ಹೂಂ, ಹಾಕ್ಕೊಳಮ್ಮ" ಅಂತ ನಗ್ತಾ ಹೊರಟರು.